ಸಣ್ಣ ವರ್ಕ್‌ಶಾಪ್‌ಗೆ ಸೇನೆಯ ಆರ್ಡರ್: ಎಲ್ಲಿಂದ ಶುರು ಮಾಡೋದು?

ರಕ್ಷಣಾ ಸಾಮಗ್ರಿ ತಯಾರಿಕೆಗೆ ಸರ್ಕಾರ ಖಾಸಗಿಯವರನ್ನು ಬಿಟ್ಟುಕೊಂಡಿದ್ದು 2001ರಲ್ಲಿ. ಅಲ್ಲಿಯವರೆಗೆ ಅದು ಸರ್ಕಾರಿ ಕಾರ್ಖಾನೆಗಳ ಸೊತ್ತು. ಈಗ ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ನಾಲ್ಕು ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮೆಷಿನ್ ಇಟ್ಟುಕೊಂಡವರೂ ಈ ಕೆಲಸ ಹಿಡಿಯಬಹುದು. ಆದರೆ ಸೇನೆಗೇ ನೇರವಾಗಿ ಮಾರುತ್ತೇನೆ ಅಂತ ದೆಹಲಿಗೆ ಓಡಬೇಡಿ. ರಕ್ಷಣಾ ಸಾಮಗ್ರಿ ಮಾಡುವ ಸರ್ಕಾರಿ ಕಂಪನಿಗಳಾದ ಎಚ್‌ಎಎಲ್, ಬಿಇಎಲ್, ಬೆಮೆಲ್ ಮೂರಕ್ಕೂ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ಮೊದಲು ಇಂಥವರಿಗೆ ಬಿಡಿಭಾಗ ಮಾಡಿಕೊಡುವ ವೆಂಡರ್ ಆಗಿ. ಹೊಸಬರಿಗೆ ಅದೇ ಸಲೀಸು.

ಮೊದಲು ಉದ್ಯಮ್ ನೋಂದಣಿ

ಇದು ಸಣ್ಣಪುಟ್ಟ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ನೀವೇ ಮಾಡಿಕೊಳ್ಳಬಹುದು. ಪೂರ್ತಿ ಉಚಿತ. ಯಾರಾದರೂ ಫೀಸು ಕೇಳಿದರೆ ಕೊಡಬೇಡಿ. ಯಂತ್ರೋಪಕರಣದ ಮೇಲಿನ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ರೂಪಾಯಿ ದಾಟದಿದ್ದರೆ ನೀವು ‘ಸಣ್ಣ’ ಉದ್ಯಮ. ಈ ಮಿತಿ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನೋಂದಣಿಯಲ್ಲಿ ತಯಾರಿಕೆ ಅಂತಲೇ ನಮೂದಿಸಿ. ಬರೀ ವ್ಯಾಪಾರಿಗಳಿಗೆ ಮುಂದೆ ಹೇಳುವ ಸವಲತ್ತು ಸಿಗುವುದಿಲ್ಲ.

ಆ ಸವಲತ್ತು ಬಂದಿದ್ದು 2012ರ ಖರೀದಿ ನೀತಿಯಿಂದ. ಕೇಂದ್ರದ ಇಲಾಖೆಗಳು, ಸರ್ಕಾರಿ ಕಂಪನಿಗಳು ವರ್ಷದ ಖರೀದಿಯಲ್ಲಿ ಕನಿಷ್ಠ 25% ಅನ್ನು ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಕೊಳ್ಳಬೇಕು. ನಿಮಗೆ ಟೆಂಡರ್ ಫಾರಂ ಉಚಿತ, ಮುಂಗಡ ಠೇವಣಿಯೂ ಬೇಡ. ಇನ್ನೊಂದು ಸವಲತ್ತು ಇದಕ್ಕಿಂತ ದೊಡ್ಡದು. ದೊಡ್ಡ ಕಂಪನಿಯೊಂದು ಒಂದು ಪೀಸ್‌ಗೆ 100 ರೂಪಾಯಿಯಂತೆ ಎಲ್ಲರಿಗಿಂತ ಕಡಿಮೆ ರೇಟು ಹಾಕಿದೆ, ನೀವು 112 ಹಾಕಿದ್ದೀರಿ ಅಂದುಕೊಳ್ಳಿ. ವ್ಯತ್ಯಾಸ 15%ರ ಒಳಗಿದೆ. ಹಾಗಾಗಿ ಅದೇ 100ಕ್ಕೆ ಕೊಡುತ್ತೀರಾ ಅಂತ ನಿಮ್ಮನ್ನು ಕೇಳಬೇಕು. ಒಪ್ಪಿದರೆ ಆರ್ಡರಿನ ಕಾಲು ಭಾಗ ಸಣ್ಣವರಿಗೆ. ನಿಮ್ಮಂಥವರು ಇನ್ನೂ ಇಬ್ಬರಿದ್ದರೆ ಅದನ್ನೇ ಹಂಚಿಕೊಳ್ಳಬೇಕು. 100 ರೂಪಾಯಿಗೆ ಕೊಟ್ಟರೆ ಗಿಟ್ಟುತ್ತದಾ ಅನ್ನೋ ಲೆಕ್ಕವನ್ನು ಮಾತ್ರ ಮೊದಲೇ ಹಾಕಿಟ್ಟಿರಿ.

ಯಾರಿಗೆ ಏನು ಬೇಕು?

ರಕ್ಷಣಾ ಸಚಿವಾಲಯದ ಸೃಜನ್ ಪೋರ್ಟಲ್ ನೋಡಿ. ಹೊರದೇಶದಿಂದ ತರಿಸುತ್ತಿರುವ, ಇಲ್ಲೇ ಮಾಡಿಸಬೇಕೆಂದಿರುವ ಸಾಮಾನುಗಳ ಪಟ್ಟಿ 2020ರಿಂದ ಅಲ್ಲಿ ಬರುತ್ತಿದೆ. ನಿಮ್ಮ ಮೆಷಿನ್ನಿಗೆ ಹೊಂದುವ ಒಂದೆರಡನ್ನು ಆರಿಸಿ ಆಸಕ್ತಿ ತಿಳಿಸಿ. ಸಿಕ್ಕಿದ್ದಕ್ಕೆಲ್ಲ ಕ್ಲಿಕ್ ಮಾಡಿದರೆ ಸುಮ್ನೆ ಟೈಮ್ ವೇಸ್ಟು. ವರ್ಷಕ್ಕೆ ಎಷ್ಟು ಪೀಸ್ ಬೇಕಾಗುತ್ತದೆ ಅಂತ ಕೇಳಲೇಬೇಕು. ಹತ್ತೇ ಪೀಸ್ ಆದರೆ ಫಿಕ್ಸ್‌ಚರಿನ (ಪೀಸನ್ನು ಮೆಷಿನ್ನಿನಲ್ಲಿ ಹಿಡಿದಿಡುವ ಸಾಧನ) ಖರ್ಚೂ ಹುಟ್ಟುವುದಿಲ್ಲ.

ಲೈಸೆನ್ಸ್ ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಬಹುಪಾಲು ಬಿಡಿಭಾಗ, ಎರಕ, ಫೋರ್ಜಿಂಗ್‌ಗಳನ್ನು 2014ರಲ್ಲೇ ಕೈಗಾರಿಕಾ ಲೈಸೆನ್ಸಿನ ಪಟ್ಟಿಯಿಂದ ತೆಗೆದಿದ್ದಾರೆ. ಶಸ್ತ್ರಾಸ್ತ್ರ, ಮದ್ದುಗುಂಡಿನ ಮಾತು ಬೇರೆ.

ಎಡವೋದು ಇಲ್ಲಿ

ಹೊಸಬರು ಅಳತೆಯಲ್ಲಿ ಸೋಲುವುದಕ್ಕಿಂತ ಕಾಗದದಲ್ಲಿ ಸೋಲುವುದೇ ಜಾಸ್ತಿ ಅಂತ ನನ್ನ ಅಂದಾಜು. ವಿಮಾನಕ್ಕೆ ಒಂದು ಸ್ಟೀಲ್ ಬುಷ್ (ಚಿಕ್ಕ ಕೊಳವೆಯಂಥ ಬಿಡಿಭಾಗ) ಮಾಡುತ್ತಿದ್ದೀರಿ ಅನ್ನಿ. ಮಿಲ್ಲಿನಿಂದ ಬಂದ ರಾಡಿನ ಒಂದು ತುದಿಗೆ ಹೀಟ್ ನಂಬರ್ ಹೊಡೆದಿರುತ್ತದೆ. ಆ ಲೋಹ ಯಾವ ಕರಗಿನದು ಅಂತ ಹೇಳುವ ನಂಬರ್ ಅದು. ಮಿಲ್ಲಿನ ಟೆಸ್ಟ್ ಸರ್ಟಿಫಿಕೇಟಿನಲ್ಲೂ ಅದೇ ಇರುತ್ತದೆ. ಹುಡುಗ ನಂಬರ್ ಇರುವ ತುದಿಯನ್ನೇ ಮೊದಲು ಕತ್ತರಿಸಿ ಲೇತಿಗೆ ಹಾಕಿದ ಅಂದರೆ ಮುಗಿಯಿತು. ಉಳಿದ ರಾಡು ಯಾವುದು ಅಂತ ಹೇಳೋಕೆ ಏನೂ ಉಳಿಯಲಿಲ್ಲ. ಬುಷ್ ಮೈಕ್ರಾನ್ ಲೆಕ್ಕದಲ್ಲಿ ಕರೆಕ್ಟಾಗಿದ್ದರೂ ಇನ್‌ಸ್ಪೆಕ್ಟರ್ ವಾಪಸ್ ಕಳಿಸುತ್ತಾರೆ. ಅವರದು ತಪ್ಪಲ್ಲ. ಆಕಾಶದಲ್ಲಿ ಅದು ಮುರಿದರೆ ಅದೇ ಕರಗಿನ ಬೇರೆ ಬುಷ್‌ಗಳು ಎಲ್ಲೆಲ್ಲಿವೆ ಅಂತ ಹುಡುಕಬೇಕಲ್ವಾ? ಕತ್ತರಿಸುವ ಮೊದಲೇ ನಂಬರನ್ನು ಉಳಿಯುವ ತುಂಡಿಗೂ ಪಂಚ್ ಮಾಡಿ, ರಿಜಿಸ್ಟರಿನಲ್ಲಿ ಬರೆಯುವ ಅಭ್ಯಾಸ ಮಾಡಿಸಿ. ಇದಕ್ಕೆ ಕಾಸು ಖರ್ಚಿಲ್ಲ.

ಗುಣಮಟ್ಟದ ಐಎಸ್‌ಒ 9001 ಸರ್ಟಿಫಿಕೇಟ್ ಮೊದಲು ಮಾಡಿಸಿಕೊಳ್ಳಿ. ವಿಮಾನದ ಕೆಲಸಕ್ಕೆ ಎಎಸ್ 9100 ಕೇಳುತ್ತಾರೆ, ಅದಕ್ಕೆ ದುಡ್ಡೂ ಸಮಯವೂ ಬೇಕು. ಆರ್ಡರ್ ಸಿಕ್ಕ ಮೇಲೆ ಮೊದಲ ಪೀಸಿನ ಪ್ರತಿಯೊಂದು ಅಳತೆಯನ್ನೂ ಡ್ರಾಯಿಂಗ್ ಜೊತೆ ತಾಳೆ ನೋಡುತ್ತಾರೆ. ಅದು ಪಾಸಾಗುವ ಮುಂಚೆ ಉಳಿದದ್ದಕ್ಕೆ ಕೈ ಹಾಕಬೇಡಿ.

ಬಿಡಿಭಾಗ ಬೇಡ, ಹೊಸ ತಂತ್ರಜ್ಞಾನ ಇದೆ ಅನ್ನುವವರಿಗೆ 2018ರಲ್ಲಿ ಶುರುವಾದ ಐಡೆಕ್ಸ್ ಅನ್ನೋ ರಕ್ಷಣಾ ಸಚಿವಾಲಯದ ಯೋಜನೆ ಇದೆ. ಸೇನೆ ತನ್ನ ಸಮಸ್ಯೆ ಮುಂದಿಡುತ್ತದೆ, ಗೆದ್ದವರಿಗೆ ಮಾದರಿ ತಯಾರಿಸಲು 1.5 ಕೋಟಿ ರೂಪಾಯಿವರೆಗೆ ಅನುದಾನ. ಸರಿಸಮ ಪಾಲು ನೀವೂ ಹಾಕಬೇಕು.

ಬಿಲ್ಲಿನ ದುಡ್ಡು

ಕಾನೂನಿನ ಪ್ರಕಾರ ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದವೇ ಇಲ್ಲದಿದ್ದರೆ 15 ದಿನವೇ ಗಡುವು. ತಪ್ಪಿದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇದಕ್ಕೆಂದೇ ಇರುವ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ನಾಳೆಯೂ ಆರ್ಡರ್ ಬೇಕಾದವರು ಖರೀದಿದಾರರ ಮೇಲೆ ದೂರು ಕೊಡಲು ಹಿಂದೆಮುಂದೆ ನೋಡುವುದು ಸಹಜ. ಅದಕ್ಕಿಂತ ಬಿಲ್ಲಿನ ಮೇಲೆ ಮೊದಲೇ ಹಣ ಸಿಗುವ ಟ್ರೆಡ್ಸ್ ಅನ್ನೋ ಆನ್‌ಲೈನ್ ವ್ಯವಸ್ಥೆ ಒಳ್ಳೆಯದು. ಖರೀದಿದಾರರು ಒಪ್ಪಿದ ಬಿಲ್ಲನ್ನು ಅಲ್ಲಿ ಹಾಕಿದರೆ ಬ್ಯಾಂಕುಗಳು ಪೈಪೋಟಿಯ ಮೇಲೆ ಬಡ್ಡಿ ಕಡಿತ ಹೇಳಿ ಮೊದಲೇ ಹಣ ಕೊಡುತ್ತವೆ. ಆಮೇಲೆ ವಸೂಲಿ ಅವರ ತಲೆನೋವು. ಆದರೆ ಟ್ರೆಡ್ಸ್‌ನಲ್ಲಿ ಖರೀದಿದಾರರ ಹೆಸರಿದ್ದರೆ ಸಾಲದು, ಅವರ ಲೆಕ್ಕಪತ್ರ ವಿಭಾಗ ಬಿಲ್ ಒಪ್ಪಿಗೆಯ ಬಟನ್ ಒತ್ತಬೇಕು. ರೇಟು ಹಾಕುವ ಮೊದಲೇ, ಅಲ್ಲಿಗೆ ಈಗಾಗಲೇ ಮಾಲು ಕೊಡುತ್ತಿರುವ ಬೇರೆ ವೆಂಡರ್‌ಗಳನ್ನು ಈ ಬಗ್ಗೆ ಕೇಳಿಕೊಳ್ಳಿ.