ಬೆನ್ನಿನ ಚೀಲದೊಳಗೆ ಅಡಗಿದ ಟೊಳ್ಳು: ಹಸಿ ದಿಮ್ಮಿಯಲ್ಲಿ ಇಂದಿನ ಮನುಷ್ಯರು

ಹಸಿ ದಿಮ್ಮಿಯಲ್ಲಿ ಇಡೀ ಮನುಷ್ಯನನ್ನು ಕೆತ್ತಿದರೆ ಒಣಗುವಾಗ ಸೀಳಿಯೇ ಸೀಳುತ್ತದೆ ಎಂದು ನನಗೆ ಹೇಳದ ಕೆತ್ತನೆಗಾರರಿಲ್ಲ. ಬೆನ್ನಿಗೆ ಚೀಲ ಹಾಕಿಕೊಂಡು ಮೊಬೈಲ್ ನೋಡುತ್ತ ನಿಂತ ಹೆಂಗಸನ್ನು ಯಾರು ಕೊಳ್ಳುತ್ತಾರೆ ಎಂದವರೂ ಅವರೇ. ಅವಳನ್ನು ಕೆತ್ತಿ ಎರಡು ವರ್ಷ ದಾಟಿತು, ಮೈಮೇಲೆ ಕೂದಲೆಳೆಯಷ್ಟೂ ಬಿರುಕಿಲ್ಲ. ನಂತರದ ಆರೇಳು ಮೂರ್ತಿಗಳೂ ಮಾರಾಟವಾಗಿವೆ.

ಇಲ್ಲಿಗೆ ಬರುವ ಮೊದಲು ಬಹಳ ಹಣ ಸೌದೆಯಾಯಿತು. ಒಣಗಿಸಿದ ಹಲಗೆಗಳನ್ನು ಅಂಟಿಸಿ ಮಾಡಿದ ದಿಂಡಿಗೆ ದಿಮ್ಮಿಯ ಮೂರು ಪಟ್ಟು ಖರ್ಚು. ಆದರೂ ತೆಳು ಬಣ್ಣದಡಿ ಅಂಟಿನ ಗೆರೆ ಕೆನ್ನೆಯ ಮೇಲೆ ಎದ್ದು ಕಂಡಿತು. ಇಡೀ ದಿಮ್ಮಿಯ ಎರಡು ತುದಿಗೂ ಮೇಣ ಬಳಿದು ವರ್ಷಗಟ್ಟಲೆ ನೆರಳಿನಲ್ಲಿಟ್ಟರೂ ಸೀಳು ಬಂತು. ಮರ ತನ್ನ ಸುತ್ತಳತೆಯಲ್ಲಿ ಕುಗ್ಗುವುದು ನಟ್ಟನಡುವಿನ ತಿರುಳಿನ ದಿಕ್ಕಿನಲ್ಲಿ ಕುಗ್ಗುವುದರ ಸುಮಾರು ಎರಡರಷ್ಟು. ತಿರುಳು ಒಳಗಿರುವವರೆಗೆ ಎಷ್ಟು ನಿಧಾನಿಸಿದರೂ ಆ ಎಳೆದಾಟ ತಪ್ಪುವುದಿಲ್ಲ. ನಡುವೆ, ಮರದೊಳಗಿನ ನೀರಿನ ಜಾಗ ಹಿಡಿದು ಕುಗ್ಗದಂತೆ ತಡೆಯುವ ಮೇಣದಂಥ ರಾಸಾಯನಿಕವಾದ ಪಾಲಿಎಥಿಲೀನ್ ಗ್ಲೈಕಾಲ್‌ನಲ್ಲಿ ಒಂದು ತಲೆಯನ್ನು ನೆನೆಹಾಕಿಯೂ ನೋಡಿದೆ. 1961ರಲ್ಲಿ ಸಮುದ್ರದಿಂದ ಎತ್ತಿದ ಸ್ವೀಡನ್ನಿನ ವಾಸಾ ಹಡಗನ್ನು ಉಳಿಸಿದ್ದು ಇದೇ ವಸ್ತು. ತಲೆ ಬಿರಿಯಲಿಲ್ಲ, ನಿಜ. ಆದರೆ ತೇವದ ದಿನಗಳಲ್ಲಿ ಮೈ ಅಂಟಂಟಾಗಿ ಬಣ್ಣ ನಿಲ್ಲಲೇ ಇಲ್ಲ.

ಉತ್ತರ ಸಿಕ್ಕಿದ್ದು ಹಳೆಯ ಜರ್ಮನ್ ಕೆಲಸದಲ್ಲಿ. 1500ರ ಆಸುಪಾಸಿನಲ್ಲಿ ರೀಮೆನ್‌ಶ್ನೈಡರ್‌ನಂಥ ಕೆತ್ತನೆಗಾರರು ಲಿಂಡೆನ್ ಮರದ ಸಂತರ ಬೆನ್ನನ್ನು ತೋಡಿ ತಿರುಳು ತೆಗೆಯುತ್ತಿದ್ದರು. ಆ ಮೂರ್ತಿಗಳು ಗೋಡೆಗೆ ಬೆನ್ನು ಕೊಟ್ಟು ನಿಲ್ಲುವಂಥವು, ಟೊಳ್ಳು ಕಾಣುತ್ತಿರಲಿಲ್ಲ. ನನ್ನ ಹೆಂಗಸನ್ನು ಜನ ಸುತ್ತಲೂ ನಡೆದು ನೋಡುತ್ತಾರೆ. ಅದಕ್ಕೇ ಚೀಲ! ತಿರುಳು ಹಿಂಬದಿಗೆ ಬರುವಂತೆ ದಿಮ್ಮಿಯನ್ನು ತಿರುಗಿಸಿಟ್ಟುಕೊಂಡು, ಹಸಿಯಿರುವಾಗಲೇ ಬೆನ್ನಿನಿಂದ ತೋಡುತ್ತೇನೆ. ಟೊಳ್ಳಿನ ಸುತ್ತ ಮರ ನಾಲ್ಕು ಸೆಂಟಿಮೀಟರ್‌ ದಪ್ಪ ಉಳಿದರೆ ಸಾಕು. ಕತ್ತಿನ ಕೆಳಗಿನಿಂದ ನೆತ್ತಿಯ ಹತ್ತಿರದವರೆಗೆ ಉದ್ದನೆಯ ಡ್ರಿಲ್ ಬಿಟ್ ಬಿಡುತ್ತೇನೆ. ಒಣಗಿದ ಮೇಲೆ ಬೇರೆಯಾಗಿ ಕೆತ್ತಿದ ಚೀಲವೇ ಮುಚ್ಚಳ. ಅದನ್ನು ಅಂಟಿಸುವುದಿಲ್ಲ, ಮರಕ್ಕೆ ಅಲುಗಾಡಲು ಜಾಗ ಬೇಕು. ಹೇಗೆ ಕೂರಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ. ಕೋಟು ತೊಟ್ಟವರಿಗೆ ಬೆನ್ನಿನ ಹೊಲಿಗೆಯ ಗೆರೆಯಲ್ಲೇ ಸಂದು ಅಡಗುತ್ತದೆ.

ಮೊಬೈಲ್ ಹಿಡಿದ ಹೆಬ್ಬೆರಳಂತೂ ತುಂಬ ಕಾಡಿತು. ಮರದ ಎಳೆ ಅಲ್ಲಿ ಅಡ್ಡ ಬರುವುದರಿಂದ ಕೊಡತಿಯ ಒಂದೇ ಪೆಟ್ಟಿಗೆ ಚಿಟಿಲ್ಲನೆ ಹಾರುತ್ತದೆ. ಈಗ ಕೈ, ಮೊಬೈಲ್, ಎದೆ ಮೂರನ್ನೂ ಒಂದೇ ಮುದ್ದೆಯಾಗಿ ಬಿಟ್ಟು, ಬೆರಳುಗಳನ್ನು ಆಳವಿಲ್ಲದ ಗೆರೆಗಳಿಂದಷ್ಟೇ ಬಿಡಿಸುತ್ತೇನೆ. ಕಣ್ಣಿಗೆ ಗುಡ್ಡೆ ಕೆತ್ತುವುದಿಲ್ಲ: 12 ಮಿಲಿಮೀಟರ್ ಬಾಗುಬಾಯಿಯ ಉಳಿಯ ಒಂದು ಎಳೆತ ಮೇಲಿನ ರೆಪ್ಪೆ, ಅದರಡಿಯ ನೆರಳೇ ನೋಟ. ಉಪ್ಪುಕಾಗದ ಮುಟ್ಟಿಸುವುದೇ ಇಲ್ಲ. ಬಿಳಿ ಅಂಗಿ, ಕಪ್ಪು ಪ್ಯಾಂಟಿನ ಸಾಮಾನ್ಯರನ್ನು ಪೀಠದ ಸಮೇತ ಒಂದೇ ದಿಮ್ಮಿಯಲ್ಲಿ ಕೆತ್ತುವ ಇಂದಿನ ಜರ್ಮನ್ ಶಿಲ್ಪಿ ಬಾಲ್ಕೆನ್‌ಹೋಲ್ ಉಳಿಯ ಗುರುತನ್ನು ಹಾಗೇ ಬಿಡುತ್ತಾರೆ. ಆ ಧೈರ್ಯ ನಾನು ಕಲಿತದ್ದು ಅವರಿಂದ. ಅಂಗಿಯ ಮಡಿಕೆಯನ್ನು ಕೆತ್ತುವುದಕ್ಕಿಂತ ಉಳಿಯ ಗುಳಿಗಳು ಚೆನ್ನಾಗಿ ತೋರಿಸುತ್ತವೆ. ಬಣ್ಣ ಹಾಲಿನ ಕೇಸಿನ್‌ನದು, ನೀರಿನಷ್ಟು ತೆಳು, ಬಟ್ಟೆಗೆ ಮತ್ತು ಕೂದಲಿಗೆ ಮಾತ್ರ. ಮುಖ, ಕೈ ಬರೀ ಮರ. ಮೊದಲ ಲೇಪಕ್ಕೆ ಬೆರೆಸುವ ಇನ್ನೊಂದು ವಸ್ತುವನ್ನು ಹೇಳಲಾರೆ.

ಸಿಲಿಕೋನ್ ಅಚ್ಚು ತೆಗೆದು ರೆಸಿನ್‌ನಲ್ಲಿ ಎರಕವನ್ನೂ ಹೊಯ್ದಿದ್ದೇನೆ. ಉಳಿಯ ಗುರುತು ಒಂದೂ ತಪ್ಪದೆ ಬಂತು, ಆದರೆ ತೆಳು ಬಣ್ಣವನ್ನು ರೆಸಿನ್ ಹೀರದು. ಅದು ಗುಳಿಗಳಲ್ಲಿ ನಿಂತುಬಿಡುತ್ತದೆ. ಮರದ ಕಾಲುಭಾಗದ ಬೆಲೆಗೆ ಮಾರಿದೆ, ಅಚ್ಚಿನ ಖರ್ಚು ಹುಟ್ಟಿತು, ಅಷ್ಟೇ.

ಟೊಳ್ಳಿನಿಂದ ಇನ್ನೊಂದು ಲಾಭ ತೂಕದಲ್ಲಿ. ಹೆಚ್ಚುಕಡಿಮೆ ನೂರು ಕಿಲೋದ ದಿಮ್ಮಿಯಿಂದ ಹುಟ್ಟಿದ ಮೀಟರ್ ಎತ್ತರದ ಮೂರ್ತಿ ಹದಿನೈದು ಕಿಲೋಗೆ ಇಳಿಯುತ್ತದೆ; ಟೊಳ್ಳಿಲ್ಲದಿದ್ದರೆ ಅದರ ಎರಡರಷ್ಟು. ಸಾಗಾಟದ ದರ ಕೇಳಿ ಹಿಂದೆ ಸರಿದಿದ್ದ ಇಬ್ಬರು ಮೂವರು ಹೊಸ ತೂಕ ತಿಳಿದ ಮೇಲೆ ತಾವೇ ಮರಳಿ ಬಂದು ಕೊಂಡರು.