ಒಡ್ಡಿನೊಳಗೊಂದು ನಾಲ್ಕಿಂಚಿನ ಪೈಪು

ಕಂಪ್ಲಿಯಿಂದ ಕೆಳಗೆ ತುಂಗಭದ್ರೆ ದಂಡೆಯ ಜಾಕ್‌ವೆಲ್‌ನಲ್ಲಿ, ಅಂದರೆ ಊರಿಗೆ ಹೊಳೆ ನೀರು ಎತ್ತುವ ಬಾವಿಯಲ್ಲಿ, ನಾನು ಪಂಪ್ ನೋಡಿಕೊಳ್ಳೋದು ಹತ್ತೊಂಬತ್ತು ವರ್ಷದಿಂದ. ಬೇಸಿಗೆಗೆ ಪಂಪಿಗೆ ನೀರು ನಿಲ್ಲಲೆಂದು ಹೊಳೆಗೆ ಅಡ್ಡ ಮರಳಿನ ಚೀಲದ ಒಡ್ಡು ಹಾಕೋದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರೋ ಕೆಲಸ. ಒಡ್ಡು ಬಿಗಿಯಾದ ವಾರಕ್ಕೆ, ಹರಿವು ನಿಂತು ನೀರಲ್ಲಿ ಉಸಿರು (ಆಮ್ಲಜನಕ) ಕಡಿಮೆಯಾಗಿ, ಕೆಳಗಿನ ಮಡುವಿನಲ್ಲಿ ಮೀನು ಸತ್ತು ಬೆಳ್ಳಗೆ ತೇಲೋದೂ ಗೊತ್ತು. ಕೊರವ ಮೇಲೆ ಬಂದು ಗಾಳಿ ಎಳೆದು ಬದುಕಿಕೊಳ್ಳುತ್ತದೆ. ಹೋಗೋದು ರೋಹು, ಕಾಟ್ಲಾ.

ಮೇಲಿನ ತುಂಗಭದ್ರಾ ಡ್ಯಾಮು ಕಟ್ಟಿದಾಗ ಹಿಡಿಯುತ್ತಿದ್ದದ್ದು 133 ಟಿಎಂಸಿ ನೀರು, ಹೂಳು ತುಂಬಿ ಈಗ 105ರ ಆಸುಪಾಸು. ಊರು ಮಾತ್ರ ಬೆಳೀತಾನೇ ಇದೆ. ‘ಮೀನಿಗೆ ನೀರು ಬಿಟ್ರೆ ಮಂದಿಗೆ ಏನ್ ಕುಡಿಸ್ತಿಯಪ್ಪಾ?’ ಅಂತ ನಮ್ಮ ಹಿರಿಯರೊಬ್ಬರು ಕೇಳಿದ್ದು ಸುಳ್ಳಲ್ಲ.

2024ರ ಬೇಸಿಗೆ, ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಮಡುವಿಗೆ ನೀರು ಇಳಿಯಲೆಂದು ಒಡ್ಡಿನಲ್ಲಿ ಎರಡು ಚೀಲದಷ್ಟು ಬಾಯಿ ಬಿಟ್ಟೆ. ಬೆಳಗಾಗೋದ್ರೊಳಗೆ ನೀರು ಕೊರೆದು ಕೊರೆದು ಹತ್ತಡಿ ಒಡ್ಡು ಕಿತ್ತುಹೋಯಿತು. ಎರಡು ದಿನ ಟ್ಯಾಂಕರ್, ಇಪ್ಪತ್ತು ಸಾವಿರದ ಮೇಲೆ ಖರ್ಚು, ಅದರಲ್ಲಿ ಆರೇಳು ಸಾವಿರ ನನ್ನ ಕೈಯಿಂದ. ಅದಾದ ಮೇಲೆ ಮರಿ ಮೀನು ಒಳಗೆ ಎಳೆಯಬಾರದೆಂದು ಪಂಪಿಗೆ ನೀರು ಸೇರುವ ಇಂಟೇಕ್ ಬಾಯಿಗೆ ನೈಲಾನ್ ಬಲೆ ಕಟ್ಟಿದೆ. ಮೂರನೇ ದಿನ ಪಾಚಿ ಕಟ್ಟಿ ಪಂಪು ಗಾಳಿ ಎಳೆಯಿತು, ಮೋಟರ್ ಸುಟ್ಟಿತು. ರಿವೈಂಡಿಂಗ್‌ಗೆ ಇನ್ನೊಂದು ಇಪ್ಪತ್ತು ಸಾವಿರ. ಮನೆಯಲ್ಲೂ ಬೈಸಿಕೊಂಡೆ.

ಈ ಮಧ್ಯೆ ಒಂದು ರಾತ್ರಿ ಇಂಟೇಕ್ ಹತ್ತಿರ ಬಲ್ಬ್ ಇಳಿಬಿಟ್ಟು ನೋಡಿದೆ, ಬೆಳಕಿಗೆ ಮೀನು ಹೆದರಿ ಹೋಗಬಹುದೆಂದು. ಹುಳ ತಿನ್ನಲು ಮರಿಗಳೇ ಮುತ್ತಿಕೊಂಡವು. ಅವತ್ತೇ ತೆಗೆದೆ.

2025ಕ್ಕೆ ಒಡ್ಡಿನ ಹೊಟ್ಟೆಯಲ್ಲಿ ನಾಲ್ಕಿಂಚಿನ ಪೈಪು ಮಲಗಿಸಿ ಮೇಲೆ ಚೀಲ ಪೇರಿಸಿದೆ. ಆಚೆ ಬಾಯಿ ನೀರಿಗಿಂತ ಮೊಳ ಮೇಲೆ, ಕೆಳಗೆ ದಪ್ಪ ಕಲ್ಲು. ಬಿದ್ದ ನೀರು ಸಿಡಿದು ನೊರೆಯಾಗಿ ಮಡುವಿಗೆ ಇಳಿಯಬೇಕು, ಉಸಿರು ಸಿಗೋದು ಆ ಸಿಡಿತದಲ್ಲಿ. 200 ಲೀಟರ್ ಡ್ರಮ್ ಹಿಡಿದರೆ ಅರ್ಧ ನಿಮಿಷಕ್ಕೆ ತುಂಬಿತು. ದಿನಕ್ಕೆ ಐದೂಮುಕ್ಕಾಲು ಲಕ್ಷ ಲೀಟರ್ ಹತ್ತಿರ. ಪೈಪಿನ ಈಚೆ ಬಾಯಿಗೆ ಕಸ ಸಿಗದ ಹಾಗೆ ಏನು ಕಟ್ಟಿದ್ದೇನೆಂಬುದು ಇಲ್ಲಿ ಬೇಡ, ದಂಡೆಗೆ ಬಂದವರಿಗೆ ತೋರಿಸುತ್ತೇನೆ.

ಅಷ್ಟು ನೀರು ಊರಿಗೆ ಎಲ್ಲಿಂದ? ನಾಲ್ಕು ರಾತ್ರಿ ಓವರ್‌ಹೆಡ್ ಟ್ಯಾಂಕ್ ಕೆಳಗೆ ಕೂತು ನೋಡಿದೆ. ಟ್ಯಾಂಕು ತುಂಬಿದ ಮೇಲೂ ಎರಡು ತಾಸು ಪಂಪು ಓಡಿ ನೀರು ಚರಂಡಿ ಸೇರುತ್ತಿತ್ತು. ಟ್ಯಾಂಕು ತುಂಬಿದ ಕೂಡಲೇ ಫೋನ್ ಮಾಡಲು ವಾಲ್ವ್‌ಮನ್ ತಮ್ಮನಿಗೆ ಹೇಳಿ ಅದನ್ನು ನಿಲ್ಲಿಸಿದೆ, ಸೋರುವ ಎರಡು ವಾಲ್ವ್‌ಗೆ ಸೋರಿಕೆ ತಡೆಯುವ ಗ್ಲ್ಯಾಂಡ್ ಹಾಕಿಸಿದೆ. ಮೀನಿನ ಪಾಲು ಅಲ್ಲೇ ಹುಟ್ಟಿತು. ಒಂದು ವಾರ್ಡಿಗೂ ಕಡಿಮೆ ಬೀಳಲಿಲ್ಲ.

ಇನ್ನೊಂದು, ಪಂಪಿನ ವೇಳೆ. ಎರಡೂ ಪಂಪನ್ನು ನಸುಕಿಗೆ ಒಟ್ಟಿಗೆ ಹಾಕುತ್ತಿದ್ದೆವು. ನೀರಿನ ಉಸಿರು ಕಡಿಮೆ ಇರೋದೇ ನಸುಕಿಗೆ. ಈಗ ಒಂದೇ ಪಂಪು, ರಾತ್ರಿ ಒಂಬತ್ತರಿಂದ ಮೂರು, ಮತ್ತೆ ಬಿಸಿಲೇರಿದ ಮೇಲೆ. ಇಂಟೇಕ್ ಸುತ್ತ ಬಲೆ ಬದಲು ಎಂಟಡಿ ಅಗಲದ ಜಾಲರಿ ಪಂಜರ. ಅಗಲವಾದಷ್ಟು ಸೆಳೆತ ಮೆತ್ತಗೆ, ಮರಿ ಈಜಿ ತಪ್ಪಿಸಿಕೊಳ್ಳುತ್ತದೆ. ವೆಲ್ಡಿಂಗ್ ಸೇರಿ ಒಂಬತ್ತು ಸಾವಿರ, ಪೈಪಿಗೆ ಎರಡೂವರೆ.

ಆ ಬೇಸಿಗೆ ಮಡುವಿನಲ್ಲಿ ತೇಲಿದ್ದು ಹೆಚ್ಚೆಂದರೆ ಹದಿನೈದು ಮೀನು, ಮೊದಲು ಬುಟ್ಟಿಗಟ್ಟಲೆ. ಮೇ ಕೊನೆಯಲ್ಲಿ ಹರಗೋಲಿನ ಅಂಬಿಗರ ಮಾವ ಮೊಳಕೈ ಉದ್ದದ ಬಾಳೆ ಮೀನು ಎತ್ತಿ ತೋರಿಸಿದರು. ಹಿಂದೆ ಕೇಳಿದ್ದ ಹಿರಿಯರೂ ಬಂದು ಡ್ರಮ್ ಹಿಡಿದು ಅಳೆದುಕೊಂಡು ಹೋದರು. ಎರಡನೇ ಪೈಪು ತಂದು ಪಂಪ್‌ಹೌಸ್ ಗೋಡೆಗೆ ಒರಗಿಸಿಟ್ಟಿದ್ದೇನೆ.