ಹದಿಹರೆಯದವರಿಗೆ ದಕ್ಷಿಣ ಏಷ್ಯಾದ ಕಥೆ ಆರಿಸುವುದು ಹೇಗೆ

ಮುಖಪುಟದಲ್ಲಿ ಮೆಹಂದಿ ಕೈ ಇದೆ ಅಂತ ಪುಸ್ತಕ ತೆಗೆದುಕೊಳ್ಳಬೇಡಿ. ಮೊದಲು ಒಳಗಿನ ಎರಡು ಪುಟ ಓದಿ. ದಿನಾ ತಿನ್ನುವ ರೊಟ್ಟಿಗೂ, ಅಜ್ಜಿಯನ್ನು ಕರೆಯುವ ಮಾತಿಗೂ ಲೇಖಕರು ಪಕ್ಕದಲ್ಲೇ ಇಂಗ್ಲಿಷ್ ಅರ್ಥ ಹೇಳುತ್ತಾ ಹೋದರೆ, ಅದು ಹೊರಗಿನವರಿಗೆ ಬರೆದದ್ದು ಅಂತಲೇ ನನಗೆ ಅನಿಸುತ್ತದೆ.

ಆಮೇಲೆ ವಯಸ್ಸು. ಹದಿಹರೆಯದ ಹೊಸ್ತಿಲಲ್ಲಿರುವವರಿಗೆ ವೀರಾ ಹಿರಾನಂದಾನಿ ಅವರ ‘ದ ನೈಟ್ ಡೈರಿ’ (2018) ಕೊಡಿ. 1947ರ ವಿಭಜನೆಯ ಕಥೆ ಅದು. 12 ವರ್ಷದ ನಿಶಾಳ ಅಪ್ಪ ಹಿಂದೂ, ಅಮ್ಮ ಮುಸ್ಲಿಂ. ತೀರಿಹೋದ ಅಮ್ಮನಿಗೆ ಅವಳು ಡೈರಿಯಲ್ಲೇ ಪತ್ರ ಬರೆಯುತ್ತಾಳೆ, ದೇಶ ಒಡೆಯುವುದು ಅಂದರೆ ಏನು ಅಂತ ಆ ಪತ್ರಗಳಿಂದಲೇ ಓದುವ ಮಗುವಿಗೆ ಅರ್ಥವಾಗುತ್ತದೆ, ಪಾಠ ಮಾಡುವ ಅಗತ್ಯವೇ ಇಲ್ಲ.

ಸಬಾ ತಾಹಿರ್ ಅವರ ‘ಆಲ್ ಮೈ ರೇಜ್’ (2022) ಸ್ವಲ್ಪ ದೊಡ್ಡವರಿಗೆ. ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಮೋಟೆಲ್ ನಡೆಸುವ ಪಾಕಿಸ್ತಾನಿ ಕುಟುಂಬದ ಕಥೆ. ಕುಡಿತ, ಹೊಡೆತ, ಸಾವು ಎಲ್ಲ ಇದೆ. ಸುಮ್ನೆ ಕೈಗಿಟ್ಟು ಹೋಗಬೇಡಿ, ನೀವೂ ಓದಿ, ಜೊತೆಗೆ ಕೂತು ಮಾತಾಡಿ.

ಆದರೆ ಬರೀ ನೋವೇ ಸಾಲಾಗಿ ಕೊಟ್ಟರೆ ಮಕ್ಕಳಿಗೆ ನಮ್ಮ ಬದುಕು ಅಂದ್ರೆ ಇಷ್ಟೇ ಅನಿಸಿಬಿಡುತ್ತದೆ ಅಲ್ವಾ? ನಡುವೆ ಒಂದು ನಗುವ ಪುಸ್ತಕ ಇರಲಿ. ಸಂಧ್ಯಾ ಮೆನನ್ ಅವರ ‘ವೆನ್ ಡಿಂಪಲ್ ಮೆಟ್ ರಿಷಿ’ (2017) ಅಂಥದ್ದು.

ಇನ್ನೊಂದು, ಭಾರತ ಮತ್ತು ಅಮೆರಿಕದಲ್ಲೇ ನಿಲ್ಲಬೇಡಿ. ಶ್ರೀಲಂಕಾ, ಬಾಂಗ್ಲಾದೇಶ, ನೇಪಾಳದ ಕಥೆಗಳನ್ನೂ, ಕಬ್ಬಿನ ತೋಟದ ಕೂಲಿಗೆಂದು ಫಿಜಿಗೆ, ಗಯಾನಾಗೆ ಹೋದವರ ಮೊಮ್ಮಕ್ಕಳು ಬರೆದದ್ದನ್ನೂ ಹುಡುಕಿ.